ಗಾಲ್ಫ್ ಕೋಲಿಗೆ ಮಣ್ಣು ಪರೀಕ್ಷೆ

ಮನೆಯಲ್ಲಿ ಒಬ್ಬನೇ ಇರುವವನ ಕೈಯಲ್ಲಿ ಆಗದ ಕೆಲಸಗಳು ಕೆಲವು ಇವೆ. ಬೆನ್ನಿನ ನಟ್ಟನಡುವೆ ಮುಲಾಮು ಹಚ್ಚಿಕೊಳ್ಳುವುದು, ದೊಡ್ಡ ಚಾದರ ನೆಟ್ಟಗೆ ಮಡಚುವುದು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಜಗಳ ತೆಗೆಯುವುದು. ಈಚೆಗೆ ಇನ್ನೊಂದು ಸೇರಿಕೊಂಡಿತು: ನಿಂತಲ್ಲಿಯೇ ತನ್ನ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಇಂಚು ಎಂದು ಅಳೆದುಕೊಳ್ಳುವುದು. ಟೇಪು ನೋಡಲು ಬಗ್ಗಿದರೆ ಮಣಿಕಟ್ಟೂ ಬಗ್ಗುತ್ತದೆ. ಮೊದಲ ಸಲ ಇಪ್ಪತ್ತೆರಡು ಇಂಚು ಬಂತು, ಎರಡನೇ ಸಲ ಹತ್ತೊಂಬತ್ತು. ಆ ಲೆಕ್ಕದಲ್ಲಿ ಹನುಮನಹಳ್ಳಿ ಗುಡ್ಡದ ಮಂಗಗಳಿಗೂ ನನಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೊನೆಗೆ ಹಾಲು ಕೊಡಲು ಬಂದ ಹುಲಿಗೆಮ್ಮನ ಕೈಗೇ ಟೇಪು ಕೊಟ್ಟೆ.

"ಏನ್ರಿ ಸಾಹೇಬ್ರ, ಹೊಸಾ ಪ್ಯಾಂಟು ಹೊಲಿಸಾಕ ಹತ್ತೀರೇನ್ರಿ? ಮದಿವಿ ಗಿದಿವಿ..." ಎಂದು ನಕ್ಕಳು. ಆಮೇಲೆ ಗೋಡೆಯ ಮೇಲಿದ್ದ ನನ್ನ ಹೆಂಡತಿ ಗೌರಿಯ ಫೋಟೋ ಕಡೆ ನೋಡಿ ನಾಲಿಗೆ ಕಚ್ಚಿಕೊಂಡು, "ಸುಮ್ನ ನೆಟ್ಟಗ ನಿಂದರ್ರಿ. ಮೂವತ್ನಾಕ ಐತಿ ನೋಡ್ರಿ" ಅಂದಳು.

ಅಳತೆ ಬೇಕಾಗಿದ್ದದ್ದು ಗಾಲ್ಫ್ ಕೋಲಿಗೆ. ನಗಬೇಡಿ. ನಾನು ಕೃಷಿ ಇಲಾಖೆಯ ನೌಕರ, ರೈತರ ಹೊಲದ ಮಣ್ಣು ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸುವುದು ನನ್ನ ಉದ್ಯೋಗ. ಕೊಪ್ಪಳದಲ್ಲಿ ಗಾಲ್ಫ್ ಮೈದಾನ ಇಲ್ಲ ಎಂಬುದು ನನಗೂ ಗೊತ್ತು. ಆದರೆ ನಮ್ಮ ಹಳೆಯ ಸಾಹೇಬರೊಬ್ಬರು ನಿವೃತ್ತರಾಗಿ ಹೋಗುವಾಗ ತಮ್ಮ ಕೋಲುಗಳ ಚೀಲವನ್ನು ನನಗೆ ಕೊಟ್ಟು, ಹೊಡೆಯುವುದನ್ನೂ ನಾಲ್ಕು ದಿನ ಕಲಿಸಿ ಹೋದರು. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಒಂದು ಸ್ಟೀಲ್ ಡಬ್ಬಿ ಹೂತು ಅದನ್ನೇ ಗುಳಿ ಮಾಡಿಕೊಂಡೆ. ಗೌರಿ ಬಂಡೆಯ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದಳು. ನಾನು ಒಂದು ಏಟು ಹೊಡೆದರೆ ಅವಳು ಒಂದು ಶೇಂಗಾ ಒಡೆಯುವುದು, ಅದು ಅವಳ ಲೆಕ್ಕ. ಆಟ ಮುಗಿದ ಮೇಲೆ ಕಾಲ ಬಳಿಯ ಸಿಪ್ಪೆ ಎಣಿಸಿ, "ಹನ್ನೊಂದಾತ್ರಿ. ಆರಂತ ಯಾರಿಗೆ ಹೇಳ್ತೀರಿ?" ಎನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಈಗ ನಾನು ಎಷ್ಟು ಹೊಡೆದರೂ ಆರೇ. ಕೇಳುವವರಿಲ್ಲ, ಅದರಲ್ಲಿ ಸುಖವೂ ಇಲ್ಲ.

ಸಾಹೇಬರ ಚೀಲದಲ್ಲಿ ಒಂದು ಕೋಲಿರಲಿಲ್ಲ. ವೆಡ್ಜ್ ಅಂತ ಅದರ ಹೆಸರು. ಚೆಂಡು ಗುಳಿಯ ಹತ್ತಿರ ಬಂದಾಗ ಮೆಲ್ಲಗೆ ಎತ್ತಿ ಹಾಕುವ ಗಿಡ್ಡ ಕೋಲು. ಇದನ್ನು ಆಡುವವನ ಅಳತೆಗೂ, ಆಡುವ ನೆಲಕ್ಕೂ ಹೊಂದಿಸಿ ಮಾಡಿಕೊಡುವ ಅಂಗಡಿ ಬೆಂಗಳೂರಿನಲ್ಲಿದೆ ಎಂದು ಗೊತ್ತಾಗಿ ಫೋನ್ ಹಚ್ಚಿದೆ. ಪ್ರಕಾಶ್ ಎಂಬುವವರು ಮಾತಾಡಿದರು. ಮಣಿಕಟ್ಟಿನ ಅಳತೆ ಬರೆದುಕೊಂಡರು, ಎಡಗೈಯೋ ಬಲಗೈಯೋ ಕೇಳಿದರು, ಆಮೇಲೆ ಕೇಳಿದರು, "ನೀವು ಆಡೋ ಜಾಗದ ನೆಲ ಹೇಗಿದೆ ಸಾರ್? ಗಟ್ಟಿನಾ, ಮೆತ್ತಗಾ? ಅದರ ಮೇಲೆ ಕೋಲಿನ ತಳ ಹೇಗಿರಬೇಕು ಅನ್ನೋದು ನಿರ್ಧಾರ ಆಗುತ್ತೆ."

ನೆಲದ ಬಗ್ಗೆ ಕೇಳುವುದೇ? ನನ್ನನ್ನೇ? ಯಲಬುರ್ಗಾದ ಕಪ್ಪು ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು, ಕುಷ್ಟಗಿಯ ಕೆಂಪು ಮಸಾರಿಯೊಳಗಿನ ಗರಸು ಕಲ್ಲು, ಗಂಗಾವತಿಯ ಕೊಯ್ದ ಗದ್ದೆಯ ಹಸಿ, ಹೊಳೆದಂಡೆಯ ಉಸುಕು, ಎಲ್ಲ ಹೇಳಿದೆ. ಪ್ರವಾಸಕ್ಕೆ ಹೋದಲ್ಲೆಲ್ಲ ಕೆಲಸ ಮುಗಿದ ಮೇಲೆ ಪಾಳು ನೆಲದಲ್ಲಿ ನಾಲ್ಕು ಏಟು ಹೊಡೆಯುತ್ತೇನೆ ಎಂದೂ ಹೇಳಿದೆ. ಫೋನ್ ಇಟ್ಟಾಗ ನಲವತ್ತು ನಿಮಿಷವಾಗಿತ್ತು. ಕಚೇರಿಯ ಮಾತು ಬಿಟ್ಟರೆ ಯಾರಾದರೂ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿ ಎರಡು ವರ್ಷವಾಗಿತ್ತು. ಆಗಲೇ ನನ್ನ ತಲೆಯಲ್ಲಿ ಕಳ್ಳ ಯೋಚನೆ ಹೊಕ್ಕಿತು. ಕೋಲು ನಿರ್ಧಾರವಾದರೆ ಈ ಫೋನು ಮುಗಿಯಿತು. ಆದ್ದರಿಂದ ಅದು ನಿರ್ಧಾರವಾಗಕೂಡದು.

ಮರುದಿನವೇ ಇಲಾಖೆಯ ಕ್ರಮದಂತೆ ಮಾದರಿ ತೆಗೆದೆ. ಮನೆಯ ಹಿಂದಿನ ಬಯಲಿನ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಗುಂಡಿ. ಮಣ್ಣು ಕಲಸಿ ನಾಲ್ಕು ಪಾಲು ಮಾಡಿ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಬಟ್ಟೆ ಚೀಲಕ್ಕೆ. ಚೀಟಿಯಲ್ಲಿ 'ಮುಂದಿನ ಬೆಳೆ' ಎಂಬಲ್ಲಿ ಕೈ ಒಂದು ಕ್ಷಣ ನಿಂತಿತು. 'ಗಾಲ್ಫ್' ಎಂದು ಬರೆದು ಬೆಂಗಳೂರಿಗೆ ಪಾರ್ಸೆಲ್ ಮಾಡಿದೆ.

ಪ್ರಕಾಶ್ ಫೋನ್ ಮಾಡಿದರು. "ಸಾರ್, ಮಣ್ಣು ಬಂದಿದೆ!" ಅಂದರು. ಬಯ್ಯುತ್ತಾರೆ ಅಂದುಕೊಂಡರೆ, "ಕಪ್ಪಗಿದೆ ಸಾರ್, ಚೆನ್ನಾಗಿದೆ" ಅಂದರು. ಅಷ್ಟು ಸಾಕಾಯಿತು. ಒಂದು ವಾರ ಕುಷ್ಟಗಿಯದು, ಮುಂದಿನ ವಾರ ಗಂಗಾವತಿಯದು, ಅದರ ಮುಂದಿನ ವಾರ ಹೇಮಗುಡ್ಡದ ಬುಡದ್ದು. ಒಂದೊಂದು ಚೀಲಕ್ಕೂ ಒಂದೊಂದು ಫೋನು. ಪ್ರತಿ ಸಲ ಕೊನೆಗೆ ಅವರು, "ಈ ವಾರ ಎಷ್ಟು ಏಟಿಗೆ ಹಾಕಿದ್ರಿ ಸಾರ್?" ಎಂದು ಕೇಳುತ್ತಿದ್ದರು. "ಆರು" ಎನ್ನುತ್ತಿದ್ದೆ. ಹೇಳಿದೊಡನೆ ಮುಂದಿನ ಚೀಲದ ಮಾತು ತೆಗೆಯುತ್ತಿದ್ದೆ. ಸುಳ್ಳು ಮುಚ್ಚಲೋ, ಒಬ್ಬರು ಕೇಳಿದರಲ್ಲ ಎಂಬ ಖುಷಿಗೋ, ತಿಳಿಯದು.

ನಡುವೆ ಒಮ್ಮೆ ಯಲಬುರ್ಗಾ ಕಡೆಯ ಹೊಲದಲ್ಲಿ ಚೆಂಡು ಬಿರುಕಿನೊಳಗೆ ಇಳಿದು, ನಾನು ಮೊಣಕಾಲೂರಿ ಕೈ ಹಾಕಿ ತಡಕಾಡುತ್ತಿದ್ದೆ. ಹೊಲದ ಯಜಮಾನ ಓಡಿ ಬಂದ.

"ಸಾಹೇಬ್ರ, ನಮ್ಮ ಹೊಲದಾಗ ರಸ್ತೆ ಗಿಸ್ತೆ ಹೊಂಟೈತೇನ್ರಿ?"

"ಇಲ್ಲಪಾ, ಆಟ ಆಡಾಕ ಹತ್ತೀನಿ."

"ಒಬ್ಬರನ?"

"ಹೌದಪಾ, ಒಬ್ಬನ."

ಅವನು ನನ್ನ ಕೋಲು ನೋಡಿದ, ಸುತ್ತ ಖಾಲಿ ಹೊಲ ನೋಡಿದ. "ಎದುರಿಗೆ ಯಾರೂ ಇಲ್ದ ಅದೆಂಥಾ ಆಟಾರಿ?" ಎಂದು ಹೇಳಿ, ಪಾಪ, ಚೆಂಡು ಹುಡುಕಿಕೊಟ್ಟು ಹೋದ. ಆ ದಿನ ಮತ್ತೆ ಕೋಲು ಎತ್ತಲು ಮನಸ್ಸಾಗಲಿಲ್ಲ.

ಮೂರು ತಿಂಗಳಾಯಿತು. ಒಂದು ದಿನ ಪ್ರಕಾಶ್, "ಸಾರ್, ಇನ್ನು ಕೋಲು ಕಳಿಸಲೇಬೇಕು. ಅಂಗಡಿ ಯಜಮಾನರು ಮೂಲೇಲಿರೋ ಮಣ್ಣಿನ ಚೀಲ ನೋಡಿ ಏನಪ್ಪಾ ಇದು ಅಂತಿದ್ದಾರೆ" ಎಂದರು. ನಾನು ಹೂಂ ಎಂದೆ. ಬೇರೆ ತಾಲ್ಲೂಕೂ ಉಳಿದಿರಲಿಲ್ಲ. ಆಮೇಲೆ ಹತ್ತು ದಿನ ಫೋನ್ ಸುಮ್ಮನಿತ್ತು. ಒಂದೆರಡು ಸಲ ಅದು ಕೆಟ್ಟಿದೆಯೇನೋ ಎಂದು ಕಚೇರಿಯ ಜವಾನನ ಫೋನಿನಿಂದ ರಿಂಗ್ ಮಾಡಿ ನೋಡಿದೆ. ಚೆನ್ನಾಗಿಯೇ ಇತ್ತು.

ಕೋಲು ಬಂತು. ಅಂದು ಸಂಜೆ ಬಯಲಿಗೆ ಹೋಗಿ, ಬಂಡೆಯ ಮೇಲೆ ಶೇಂಗಾ ಇಟ್ಟುಕೊಂಡು, ಏಟಿಗೊಂದು ಒಡೆದು ತಿನ್ನುತ್ತ ಆಡಿದೆ. ಹಾಳಾದ್ದು, ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ದೂರು ಹೇಳಲು ಒಂದು ಕುಂದೂ ಸಿಗಲಿಲ್ಲ. ಚೆಂಡು ಮೆಲ್ಲಗೆ ಎದ್ದು ಮೆಲ್ಲಗೆ ಕೂರುತ್ತಿತ್ತು. ಏಟು ಹೆಚ್ಚಾದದ್ದು ನನ್ನ ಕೈಗುಣ. ಆಮೇಲೆ ಬಂಡೆಯ ಮೇಲೆ ಕುಳಿತು ಕೋಲಿನ ಕೊರಳಿಗೆ ಕಟ್ಟಿದ್ದ ಚೀಟಿ ಓದಿದೆ. ಮಣಿಕಟ್ಟು ಮೂವತ್ನಾಲ್ಕು, ಬಲಗೈ, ತಳ ನಡುಮಟ್ಟ, ಎಲ್ಲ ನೆಲಕ್ಕೂ ನಡೆಯುತ್ತದೆ. ಕೆಳಗೆ ತಾರೀಖು. ಅದು ಹುಲಿಗೆಮ್ಮ ಟೇಪು ಹಿಡಿದ ದಿನ, ನಾನು ಮೊದಲ ಸಲ ಫೋನ್ ಮಾಡಿದ ದಿನ.

ಅಲ್ಲಿಂದಲೇ ಫೋನ್ ಮಾಡಿದೆ. "ಅಲ್ರೀ ಪ್ರಕಾಶ್ ಅವ್ರ, ಮೊದಲನೇ ದಿನಾನ ಎಲ್ಲಾ ಬರದಿಟ್ಟೀರಿ. ಮತ್ತ ಮೂರು ತಿಂಗಳು ಯಾಕ ಮಣ್ಣು ತಗೊಂಡ್ರಿ?"

"ಬೇಡ ಅಂದಿದ್ರೆ ನೀವು ಮಾತಾಡೋದು ನಿಲ್ಲಿಸಿಬಿಡ್ತಿದ್ರಿ ಸಾರ್" ಎಂದರು. ಮೂರು ತಿಂಗಳು ಆ ಮನುಷ್ಯನನ್ನು ನಾನು ಯಾಮಾರಿಸುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆನಲ್ಲ!

"ಹೋಗಲಿ, ಇವತ್ತು ಎಷ್ಟು ಏಟು ಸಾರ್?"

ಬಾಯಿಗೆ ಆರು ಬಂದಿತ್ತು. ಕಾಲ ಬಳಿ ನೋಡಿದೆ. ಬಗ್ಗಿ ಸಿಪ್ಪೆ ಎಣಿಸಿದೆ. "ಹನ್ನೊಂದು" ಎಂದೆ.

"ಹನ್ನೊಂದಾ? ಹಾಗಾದ್ರೆ ಕೋಲು ಸರಿಯಿಲ್ಲ ಬಿಡಿ ಸಾರ್" ಎಂದರು ಪ್ರಕಾಶ್. "ಮಣ್ಣು ಕಳಿಸಿ."

ಚೀಲ ತರಲು ಎದ್ದೆ. ಇಲಾಖೆಯಲ್ಲಿ ಇಷ್ಟು ವರ್ಷ ದುಡಿದವನು ನಾನು, ಆದರೆ ಯಾವ ಮಾದರಿಯನ್ನೂ ಇಷ್ಟು ಗಡಿಬಿಡಿಯಲ್ಲಿ ತೆಗೆದವನಲ್ಲ.