ವಾರಕ್ಕೊಂದು ಗೋಡೆಯ ಫ್ರೆಂಚ್ ಸಾಹೇಬ

ನಮ್ಮ ಕಾಕಾ ಒಂದು ಕಡೆ ಕೂತದ್ದನ್ನು ಕಂಡವರು ಇಡೀ ನಾಗಪುರದಲ್ಲಿ ಯಾರೂ ಇಲ್ಲ! ರೈಲ್ವೆಯಿಂದ ನಿವೃತ್ತರಾದ ಮೇಲಂತೂ ಚಹಾವನ್ನೂ ನಡೆದಾಡುತ್ತಲೇ ಕುಡಿಯುತ್ತಿದ್ದರು. ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ.

ತೊಂಬತ್ತರ ದಶಕದ ಕೊನೆಯ ಮಾತು. ಬ್ಯಾಂಕಿನ ಕೆಲಸಕ್ಕೆಂದು ಬಂದ ನಾನು ಅವರ ಮನೆಯಲ್ಲೇ ಇದ್ದೆ. ಒಂದು ಬೆಳಿಗ್ಗೆ ಕೊತ್ತಂಬರಿ ತರಲು ಹಳೇ ಪೇಟೆಯಾದ ಮಹಾಲ್‌ಗೆ ಹೋದ ಕಾಕಾ, ಸ್ಕೂಟರಿನ ಹಿಂದೆ ಅರ್ಧ ಬಾಗಿಲಿನಷ್ಟು ದೊಡ್ಡ ತೈಲಚಿತ್ರ ಕಟ್ಟಿಕೊಂಡು ಬಂದರು. ಅಲ್ಲೊಂದು ಹಳೇ ವಾಡೆ, ಶ್ರೀಮಂತರ ದೊಡ್ಡ ಮನೆ, ಕೆಡವುತ್ತಿದ್ದರಂತೆ; ಚಿತ್ರ ಅಲ್ಲಿಯದು. ಚಿತ್ರದಲ್ಲಿ ಬಿಳಿ ಸುರುಳಿಗೂದಲಿನ ವಿಗ್ಗು, ನೀಲಿ ಕೋಟು, ಸೊಂಟಕ್ಕೆ ಕತ್ತಿ.

"ಯಾರ್ರೀ ಈಕಿ?" ಎಂದರು ಕಾಕಾನ ಹೆಂಡತಿ, ನಮ್ಮ ಕಾಕು.

"ಈಕಿ ಅಲ್ಲ, ಈತ! ಮಿಲಿಟ್ರಿ ಸಾಹೇಬ!"

"ಕೊತ್ತಂಬರಿ ಎಲ್ಲೈತ್ರಿ?"

ಕೊತ್ತಂಬರಿ ಯಾರಿಗೆ ನೆನಪಿರಬೇಕು!

ಸಾಹೇಬರನ್ನು ನೇತುಹಾಕುವುದೇ ಒಂದು ಯುದ್ಧವಾಯಿತು. ದೇವರ ಕೋಣೆಯ ಎದುರು ಕಾಕು ಬೇಡವೆಂದರು. ಊಟದ ಕೋಣೆಯಲ್ಲಿ "ತುತ್ತು ಎಣಸ್ತಾನ" ಎಂದು ಬೆನ್ನು ತಿರುಗಿಸಿ ಉಂಡರು. ಮಲಗುವ ಕೋಣೆಯೇ? ಅದನ್ನು ಹೇಳದಿರುವುದೇ ಒಳ್ಳೆಯದು! ವಾರಕ್ಕೊಂದು ಗೋಡೆ, ಗೋಡೆಗೆ ನಾಲ್ಕು ತೂತು.

ಸಾಹೇಬ ಯಾರೆಂದು ತಿಳಿಯದೆ ಕಾಕಾಗೆ ಚಡಪಡಿಕೆ. ಸಿವಿಲ್ ಲೈನ್ಸಿನ ನಿವೃತ್ತ ಇತಿಹಾಸದ ಮೇಷ್ಟರ ಬಳಿ ನನ್ನನ್ನೂ ಎಳೆದೊಯ್ದರು. ಸ್ಕೂಟರಿನಲ್ಲಿ ಚಿತ್ರವನ್ನು ತಬ್ಬಿ ಕೂತಿದ್ದೆ. ಸಿಗ್ನಲ್ಲಿನಲ್ಲಿ ಪೊಲೀಸಪ್ಪ ಸೆಲ್ಯೂಟ್ ಹೊಡೆದ. ನನಗಲ್ಲ ಅನ್ನುವುದು ಖಾತ್ರಿ!

ಮೇಷ್ಟರು ಭೂತಗನ್ನಡಿ ಹಿಡಿದು ನೋಡಿ, ಫ್ರಾನ್ಸಿನ ರಾಜನ ಸೈನ್ಯದ ಅಧಿಕಾರಿ, ಹೆಸರು ಅಳಿಸಿಹೋಗಿದೆ ಎಂದು ಹಿಂದಿಯಲ್ಲಿ ಹೇಳಿದರು.

"ಹಂಗಾದ್ರ ಮನಿಯವ್ರು ಹುಡುಕ್ತಿರಬೇಕಲ್ಲೋ!" ಕಾಕಾ ನನ್ನತ್ತ ತಿರುಗಿದರು.

"ಕಾಕಾ, ಇನ್ನೂರು ವರ್ಷ ಆತು!"

"ಅದಕ್ಕ ಜಲ್ದಿ ಮಾಡಬೇಕು!"

ಅಂದಿನಿಂದ ಗ್ರಂಥಾಲಯ, ಅಂಚೆ ಕಚೇರಿ, ಕಂಡಕಂಡವರಿಗೆಲ್ಲ ಪತ್ರ. ಸುದ್ದಿ ಹಬ್ಬಿ ಮುಂಬಯಿಯಿಂದ ಹಳೇ ವಸ್ತುಗಳ ವ್ಯಾಪಾರಿಯೊಬ್ಬ ಬಂದ. ಕೇಳಿದಷ್ಟು ಕೊಡುತ್ತೇನೆಂದ. ಕಾಕಾ ಮುಖ ಸಣ್ಣದು ಮಾಡಿ, ಮನೆ ಹೆಂಡತಿಯದು, ಅವಳು ಹೂಂ ಅಂದರೆ ಒಯ್ಯಿರಿ ಎಂದುಬಿಟ್ಟರು. ಇನ್ನೇನು, ಸಾಹೇಬರ ಸವಾರಿ ಹೊರಟಂತೆಯೇ!

ಕಾಕು ಸೆರಗಿಗೆ ಕೈ ಒರೆಸುತ್ತ ಬಂದರು. "ನಹೀ ದೇಂಗೆ," ಕೊಡುವುದಿಲ್ಲ ಎಂದು ಹಿಂದಿಯಲ್ಲೇ ಹೇಳಿದವರೇ ಒಳಗೆ ಹೋದರು.

ನಾನು ಬೆರಗಾಗಿ ಅಡುಗೆಮನೆಗೆ ಹಿಂಬಾಲಿಸಿ ಕಾರಣ ಕೇಳಿದೆ.

"ನಿಂಗ ಗೊತ್ತಿಲ್ಲ," ಅವರ ದನಿ ತಗ್ಗಿತು. "ನೀ ಬ್ಯಾಂಕಿಗೆ ಹೋದ ಮ್ಯಾಲ ಇವರು ದಿನಾ ಡಬ್ಬಿ ತಗೊಂಡು ಸ್ಟೇಶನ್ನಿಗೆ ಹೋಗ್ತಿದ್ರು, ಡ್ಯೂಟಿ ಇದ್ದವರಂಗ. ಅಲ್ಲಿ ಬೆಂಚಿನ ಮ್ಯಾಲ ಒಬ್ಬರೇ ಉಂಡು ಬರ್ತಿದ್ರು. ನಾನೂ ಏನೂ ಕೇಳದ ಡಬ್ಬಿ ಕಟ್ತಿದ್ದೆ. ಈ ಸಾಹೇಬ ಬಂದ ಮ್ಯಾಲ ಮನ್ಯಾಗ ಉಣ್ಣಾಕ ಹತ್ಯಾರ."

ಹೊರಗೆ ಕಾಕಾ ಸುತ್ತಿಗೆಗಾಗಿ ಕೂಗುತ್ತಿದ್ದರು. ಕಾಕು ಒಯ್ದು ಕೊಟ್ಟು, ಅವರು ಹತ್ತಿ ನಿಂತ ಸ್ಟೂಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.