ನಾಲ್ವರು ಮಾಲೀಕರು, ಒಂದು ಕೌದಿ

ಬಹಳ ಹಿಂದೆ, ಅಂದರೆ ಯೋಜನೆಗೆ ಮೊದಲು ಹೆಸರಿಟ್ಟು ಆಮೇಲೆ ಅದಕ್ಕೊಂದು ಕೆಲಸ ಹುಡುಕುವ ಪದ್ಧತಿ ಹೊಸದಾಗಿ ಬಂದಿದ್ದ ಕಾಲದಲ್ಲಿ, ಉತ್ಕರ್ಷಪುರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಉತ್ಸಾಹವರ್ಮರು. ಬಡವರನ್ನು ಕಂಡರೆ ಅವರ ಹೃದಯ ಕರಗಿ ನೀರಾಗುತ್ತಿತ್ತು. ಇದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ರಾಜವೈದ್ಯರು ಹೇಳಿದ್ದರಿಂದ, ಬಡವರು ಅವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಲಾಗಿತ್ತು.

ಹೀಗಿರಲು ಒಮ್ಮೆ ದಾರಿ ತಪ್ಪಿದ ಪಲ್ಲಕ್ಕಿ ಮಹಾರಾಜರನ್ನು ತಗ್ಗಿನಕೇರಿಗೆ ತಂದು ಇಳಿಸಿತು. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಿಕೊಳ್ಳಬೇಕು, ಅಲ್ಲಿನ ಮನೆಗಳು ಅಷ್ಟು ದೊಡ್ಡವು. ಹೆಂಗಸರ ಕಸುಬು ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂತು, ಅಂಚಿನಿಂದ ಹೊಲಿಯುತ್ತ ಒಳಗೆ ಸರಿಯುತ್ತಿದ್ದರು. ನಡುವೆ ಬಂದು ಮಂಡಿಗೆ ಮಂಡಿ ತಾಗಿದರೆ ಕೌದಿ ಮುಗಿಯಿತೆಂದು ಲೆಕ್ಕ. ಕೇರಿಯೊಳಗೆ ಅಷ್ಟು ಸಪಾಟಾದ ನೆಲ ಇದ್ದದ್ದು ಒಂದೇ ಕಡೆ, ಕುದುರೆಗಳು ಎಂದೋ ಬಿಟ್ಟುಹೋದ ಹಳೆಯ ಲಾಯದಲ್ಲಿ. ಚಳಿ ಹಿಡಿಯುವ ಮುಂಚಿನ ದೊಡ್ಡ ಸಂತೆಗೆ ಸಾಕಷ್ಟು ಕೌದಿ ಹೋದರೆ ಆ ವರ್ಷ ಕೇರಿಗೆ ಜೋಳದ ಚಿಂತೆಯಿರುತ್ತಿರಲಿಲ್ಲ.

ಏನು ಬೇಕೆಂದು ಮಹಾರಾಜರು ಕೇಳಿದರು. ಉಳಿದವರು ಸೆರಗು ಎಳೆದುಕೊಂಡರು. ಹೊಲಿಗೆಯಲ್ಲಿ ಎಲ್ಲರಿಗಿಂತ ಪಳಗಿದ ಶಾವಂತ್ರೆವ್ವ ಸೂಜಿ ನಿಲ್ಲಿಸದೆಯೇ ಹೇಳಿದಳು:

“ಭಾಳೇನಿಲ್ರೀ ಅಪ್ಪಾರ. ಮ್ಯಾಲಿನ ಹಂಚು ಒಡದಾವು, ಸೋರತೈತಿ. ನಾಕು ಹಂಚು ಹೊಚ್ಚಿಸಿ ಕೊಡ್ರಿ, ಮುಂದಿಂದು ನಾವು ನೋಡ್ಕೊಂತೀವಿ.”

ಈ ಕೊನೆಯ ಮಾತು ಮಹಾರಾಜರಿಗೆ ಹಿಡಿಸಲಿಲ್ಲ. ಮುಂದಿನದನ್ನು ಪ್ರಜೆಗಳೇ ನೋಡಿಕೊಂಡರೆ ರಾಜರು ನೋಡುವುದೇನನ್ನು? ಆಗ ಕೌಶಲ್ಯಮಂತ್ರಿ ವಾಗ್ಭೂಷಣರಾಯರು ಮುಂದೆ ಬಂದು ಬಾಗಿದರು.

“ಪ್ರಭು, ಈಕೆ ಕೇಳುತ್ತಿರುವುದು ಹಂಚನ್ನಲ್ಲ. ಹಂಚು ಕೇಳುವವರ ಎದೆಯೊಳಗೆ ಒಬ್ಬ ಉದ್ಯಮಿ ಅಳುತ್ತಿರುತ್ತಾನೆ. ಆ ದನಿ ತಮ್ಮಂಥವರ ಕಿವಿಗೆ ಮಾತ್ರ ಕೇಳುತ್ತದೆ.”

“ನಮಗೂ ಏನೋ ಕೇಳಿಸಿದಂತಾಯಿತು” ಎಂದರು ಮಹಾರಾಜರು.

ಮರುವಾರವೇ ‘ಸಾರ್ವಭೌಮ ಸರ್ವಜನ ಸ್ವಯಂ ಉದ್ಯಮ ಮಿಷನ್’ ಘೋಷಣೆಯಾಯಿತು. ಲಾಯಕ್ಕೆ ಕೌಶಲ್ಯ ಕೇಂದ್ರವೆಂದು ಹೆಸರಾಯಿತು. ಮುಂಬಾಗಿಲಿಗೆ ಕಮಾನು ಬಂತು, ಕಮಾನಿಗೆ ಮಹಾರಾಜರ ಮುಖ ಬಂತು. ಅಂದಾಜುಪಟ್ಟಿಯಲ್ಲಿ ಚಾವಣಿ ಸೇರಿರಲಿಲ್ಲವಾದ್ದರಿಂದ ಹಂಚು ಬರಲಿಲ್ಲ. ಒಳಗೆ ನೆಲ ಕೊರೆದು ಅರವತ್ತು ಕಬ್ಬಿಣದ ಕುರ್ಚಿಗಳನ್ನು ಬೋಲ್ಟು ಹಾಕಿ ಕೂರಿಸಿದರು. ಕೇರಿಯವರು ಕುರ್ಚಿ ಹೊತ್ತೊಯ್ಯಬಾರದು ಎಂಬ ದೂರದೃಷ್ಟಿ. ಕೌದಿ ಹಾಸಲು ಇನ್ನು ಜಾಗವಿಲ್ಲ ಎಂದು ಹೆಂಗಸರು ಹೇಳಿದ್ದನ್ನು ಸಲಹಾಪೆಟ್ಟಿಗೆಗೆ ಹಾಕುವಂತೆ ತಿಳಿಸಲಾಯಿತು.

ತರಬೇತಿಗೆ ಬಂದವರು ಮಾಸ್ಟರ್ ಟ್ರೈನರ್ ಪ್ರಬೋಧಚಂದ್ರರು. ಅವರು ಸೂಜಿ ಹಿಡಿದವರಲ್ಲ. ತಾವು ಕಲಿಸುವುದರಲ್ಲಿ ಪರಿಣತರೇ ಹೊರತು ಹೊಲಿಯುವುದರಲ್ಲಿ ಅಲ್ಲ ಎಂದು ಅವರೇ ವಿನಯದಿಂದ ಒಪ್ಪಿಕೊಂಡಿದ್ದರು. ಮೊದಲ ವಾರ ಆತ್ಮವಿಶ್ವಾಸ, ಎರಡನೆಯ ವಾರ ಹಸ್ತಲಾಘವ. ಮೂರನೆಯ ವಾರ ಪ್ರತಿಯೊಬ್ಬರೂ ಎದ್ದು ನಿಂತು ‘ನಾನು ಹುಲಿ’ ಎಂದು ಮೂರು ಸಲ ಹೇಳಬೇಕಿತ್ತು. ಶಾವಂತ್ರೆವ್ವನ ಎದುರು ಮೂಲೆಯಲ್ಲಿ ಕೂತು ಹೊಲಿಯುವ ಖಾಜಾಬಿಯ ಸರದಿ ಬಂದಾಗ ಅವಳು ಮೆಲ್ಲಗೆ, “ಸರ, ಹುಲಿ ಅಂದ್ರ ಗಿರಾಕಿ ಹತ್ರ ಬರ್ತಾರೇನ್ರೀ?” ಎಂದಳು. ಅವಳಿಗೆ ಆತ್ಮವಿಶ್ವಾಸದ ವಾರವನ್ನು ಮತ್ತೊಮ್ಮೆ ಕೊಡಲಾಯಿತು.

ನಾಲ್ಕನೆಯ ವಾರ ಪ್ರಬೋಧಚಂದ್ರರು ಕೌದಿಯ ವಿಷಯಕ್ಕೆ ಬಂದರು. ಒಂದು ಉತ್ಪನ್ನಕ್ಕೆ ನಾಲ್ವರೆಂದರೆ ಮಾನವ ಸಂಪನ್ಮೂಲದ ದುಂದು. ಇನ್ನು ಮುಂದೆ ಒಬ್ಬರಿಗೆ ಒಂದು ಉದ್ಯಮ ಎಂದರು.

“ಒಬ್ಬಾಕಿ ಕುಂತ್ರ ಪದರು ಸರೀತಾವ್ರೀ” ಎಂದಳು ಶಾವಂತ್ರೆವ್ವ. “ಈ ಮೂಲಿ ಜಗ್ಗಿದ್ರ ಆ ಮೂಲಿ ಸುಕ್ಕಾಗತೈತಿ. ಅದಕ್ಕ ನಾಕ ಮಂದಿ ಕುಂದರೂದು.”

“ಅದು ಕೂಲಿಯವರ ಯೋಚನೆ, ಮೇಡಂ. ಮಾಲೀಕರ ಹಾಗೆ ಯೋಚಿಸಿ.”

“ಮಾಲಕ್ರು ಹೊಲದ್ರ ಸುಕ್ಕ ಬೀಳಾಂಗಿಲ್ಲೇನ್ರೀ?”

ಅವಳ ಹೆಸರಿನ ಮುಂದೆ ಮನೋಭಾವ ಸುಧಾರಿಸಬೇಕೆಂದು ಬರೆದುಕೊಂಡರು.

ತರಬೇತಿ ಮುಗಿಯುವ ಹೊತ್ತಿಗೆ ಕೇರಿಯಲ್ಲಿ ಒಂದೂ ಕೌದಿ ಸಿದ್ಧವಿರಲಿಲ್ಲ. ಆದರೆ ಅರವತ್ತು ಮಾಲೀಕರು ಸಿದ್ಧರಾಗಿದ್ದರು. ಎಲ್ಲರಿಗೂ ಪ್ರಮಾಣಪತ್ರ ಬಂತು. ಮಾರನೆಯ ದಿನ ಅರಮನೆಯ ಉಗ್ರಾಣದ ಅಧಿಕಾರಿ, ಬಡವರಿಗೆ ಪುಕ್ಕಟೆ ಅಳೆಯುವ ಜೋಳದ ಪಟ್ಟಿಯಿಂದ ಆ ಅರವತ್ತೂ ಹೆಸರು ಹೊಡೆದುಹಾಕಿದ. ಬಡವರ ಜೋಳವನ್ನು ಮಾಲೀಕರು ತಿನ್ನುವುದು ಎಂಥ ಅನ್ಯಾಯ, ಓದುಗರೇ ಯೋಚಿಸಬೇಕು. ತಗ್ಗಿನಕೇರಿಯಲ್ಲಿ ಬಡತನ ನಿರ್ಮೂಲವಾಯಿತೆಂದು ಡಂಗುರ ಸಾರಿದರು.

ಸಂತೆಗೆ ಉಳಿದದ್ದು ಎಂಟೇ ದಿನ. ಪಟ್ಟಿಯ ಜೋಳವೂ ಇಲ್ಲ, ಮಾರಲು ಕೌದಿಯೂ ಇಲ್ಲ. ಶಾವಂತ್ರೆವ್ವ ಕೇಂದ್ರದ ಕಾವಲುಗಾರನ ಬಳಿ ಹೋಗಿ, ಎರಡು ಸಾಲು ಕುರ್ಚಿ ಬಿಚ್ಚಿಸಿಕೊಟ್ಟರೆ ಸಾಕೆಂದು ಬೇಡಿಕೊಂಡಳು. ಕೇಂದ್ರವಿರುವುದು ಕಲಿಯುವವರಿಗೆ, ಕಲಿತವರಿಗಲ್ಲ ಎಂದ ಅವನು.

ಆಮೇಲೆ ಉಳಿದ ಸಪಾಟು ನೆಲವೆಂದರೆ ಕೇರಿಯ ಪಕ್ಕದ ರಾಜಬೀದಿ. ಬಂಡಿಗಳ ಓಡಾಟ ಶುರುವಾಗುವ ಮುಂಚೆ, ಬೆಳಕು ಹರಿಯುತ್ತಲೇ, ನಾಲ್ವರು ಮಾಲೀಕರು ಅಲ್ಲಿ ಪದರು ಹಾಸಿ ಮೂಲೆಗೊಬ್ಬರಂತೆ ಕೂತರು. ಬಂಡಿ ಬಂದರೆ ಸುತ್ತಿಡುವುದು, ಹೋದರೆ ಹಾಸುವುದು. ಹೀಗೆ ಏಳು ದಿನಕ್ಕೆ ಒಂದು ಕೌದಿ. ಒಂದನ್ನಾದರೂ ಮಾರಿದರೆ ನಾಲ್ಕು ಮನೆಗೆ ತಿಂಗಳ ಜೋಳವಾದೀತೆಂದು ಶಾವಂತ್ರೆವ್ವ ಹೇಳುತ್ತಿದ್ದಳು.

ಏಳನೆಯ ಬೆಳಿಗ್ಗೆ ನಾಲ್ವರ ಮಂಡಿ ತಾಗಲು ಗೇಣಿನಷ್ಟು ಹೊಲಿಗೆ ಉಳಿದಿತ್ತು. ಆಗ ಕಹಳೆ ಕೇಳಿಸಿತು. ಬಡತನವಿಲ್ಲದ ಕೇರಿಯನ್ನು ನೆರೆರಾಜ್ಯದ ದೊರೆಗೆ ತೋರಿಸಲು ಮಹಾರಾಜರು ಅವನನ್ನೂ ಕೂರಿಸಿಕೊಂಡು ಆನೆಯ ಮೇಲೆ ಬರುತ್ತಿದ್ದರು. ಸೈನಿಕರು ಹೆಂಗಸರನ್ನು ಬದಿಗೆ ತಳ್ಳಿದರು. ಕೌದಿ ದಾರಿಯಲ್ಲೇ ಉಳಿಯಿತು.

“ಇದೇನು?” ಎಂದರು ಮಹಾರಾಜರು.

“ಕೃತಜ್ಞತೆ, ಪ್ರಭು” ಎಂದರು ವಾಗ್ಭೂಷಣರಾಯರು. “ತಮ್ಮ ಆನೆಯ ಪಾದಕ್ಕೆ ಕಲ್ಲು ಒತ್ತಬಾರದೆಂದು ಹಾಸಿದ್ದಾರೆ.”

ಮಹಾರಾಜರ ಕಣ್ಣು ತುಂಬಿ ಬಂತು. ಆನೆ ನಾಲ್ಕು ಹೆಜ್ಜೆ ಇಟ್ಟಿತು. ನೆರೆಯ ದೊರೆ ಅಲ್ಲೇ ಆನೆ ನಿಲ್ಲಿಸಿ, ತನ್ನ ಕೈಯಾರೆ ಮಹಾರಾಜರ ಕಿರೀಟದ ಮೇಲೆ ‘ದಾರಿದ್ರ್ಯಾಂತಕ’ ಎಂಬ ಇನ್ನೊಂದು ಪುಟ್ಟ ಕಿರೀಟ ಇಟ್ಟ. ಆ ಸಂತೋಷಕ್ಕೆ ಎರಡು ಅಪ್ಪಣೆಗಳಾದವು. ರಾಜ್ಯದ ಎಲ್ಲ ಕೇರಿಗಳ ಸಪಾಟು ನೆಲಕ್ಕೆ ಕುರ್ಚಿ ಕೂರಿಸತಕ್ಕದ್ದು. ತಗ್ಗಿನಕೇರಿಯ ಮಾಲೀಕರು ಚಳಿಗಾಲ ಮುಗಿಯುವವರೆಗೆ ರಾಜಬೀದಿಗೆ ಕೌದಿ ಹಾಸತಕ್ಕದ್ದು.

ಮೆರವಣಿಗೆ ಮುಂದೆ ಹೋದ ಮೇಲೆ ಶಾವಂತ್ರೆವ್ವ ಕೌದಿ ಎತ್ತಿ ಧೂಳು ಕೊಡವಿದಳು. ಹರಿದ ಕಡೆ ತೇಪೆ ಹಚ್ಚಿದರೆ ನಾಳಿನ ಸಂತೆಗೆ ಒಯ್ಯಬಹುದಿತ್ತು. ಅಷ್ಟರಲ್ಲಿ ಗುಮಾಸ್ತನೊಬ್ಬ ಬಂದು ಅದನ್ನು ಕೆಳಗಿಡಿಸಿದ. ಆನೆ ತುಳಿದದ್ದು ಅರಮನೆಯ ಸ್ವತ್ತು, ಅಪ್ಪಣೆಯಂತೆ ಬೀದಿಗೆ ಹಾಸಲು ಬೇರೆ ಕೌದಿ ತರಬೇಕು ಎಂದ.

“ನಾಕ ಮಂದಿ ಸೇರಿ ಒಂದ ಕೊಟ್ರ ನಡೀತೈತಲ್ರೀ?” ಎಂದು ಖಾಜಾಬಿ ಕೇಳಿದಳು.

“ಹೆಂಗ ನಡೀತೈತ್ಬೇ? ನೀವು ನಾಕು ಮಾಲಕರು. ನಾಕು ಕೌದಿ.”

ಸಂತೆಗೆ ತಗ್ಗಿನಕೇರಿಯಿಂದ ಯಾರೂ ಹೋಗಲಿಲ್ಲ. ಆ ವರ್ಷ ಚಳಿ ಜೋರಾಗಿತ್ತು. ಮನೆಯಲ್ಲಿ ಹೊದ್ದುಕೊಳ್ಳಲು ಇಟ್ಟದ್ದನ್ನೂ ತಂದು ಹಾಸಿದ್ದರಿಂದ ರಾಜಬೀದಿ ಮಾತ್ರ ಬೆಚ್ಚಗಿತ್ತು.