ಸಾಹೇಬರ ಸೂಪಿನಲ್ಲಿ ಸಿಕ್ಕ ಕೂದಲು

ಕುಂಬಳಕಾಯಿ ಸೂಪಿನಲ್ಲಿ ಸಿಕ್ಕ ಆ ಕೂದಲು ಬೇರೆ ಯಾರ ಬಟ್ಟಲಿಗಾದರೂ ಬಿದ್ದಿದ್ದರೆ ವಿಷಯ ಊಟದ ಮೇಜಿನಲ್ಲೇ ಮುಗಿದುಹೋಗುತ್ತಿತ್ತು. ಅದು ಹೋಗಿ ಹೋಗಿ ದೊಡ್ಡ ಸಾಹೇಬರ ಬಟ್ಟಲಿಗೇ ಬಿದ್ದಿತ್ತು.

ನೀರು ಸರಬರಾಜು ಕಚೇರಿಯ ಕ್ಯಾಂಟೀನಿನಲ್ಲಿ ಊಟದ ಹೊತ್ತು. ಬಟ್ಟಲಿನ ಮೇಲೆ ಬಗ್ಗಿ ಅರ್ಧ ಸೂಪು ಕುಡಿದಿದ್ದ ಸಾಹೇಬರು ಚಮಚವನ್ನು ಬಾಯಿಯ ಹತ್ತಿರ ತಂದವರು ಅಲ್ಲೇ ನಿಲ್ಲಿಸಿದರು. ಬೆರಳುದ್ದದ ಕಪ್ಪು ಕೂದಲೊಂದನ್ನು ಎರಡು ಬೆರಳಲ್ಲಿ ಹಿಡಿದು, ಬಾವಿಯಿಂದ ಹಗ್ಗ ಸೇದುವವರ ಹಾಗೆ ನಿಧಾನವಾಗಿ ಮೇಲೆತ್ತಿದರು. ಇಡೀ ಕ್ಯಾಂಟೀನು ಅಗಿಯುವುದನ್ನು ನಿಲ್ಲಿಸಿತು.

“ಏನಮ್ಮ ಇದು?”

ಅಡುಗೆಯಕ್ಕನ ಕೈಯಲ್ಲಿದ್ದ ಸೌಟು ಜಾರಿ ಪಾತ್ರೆಯೊಳಗೆ ಮುಳುಗಿತು. ಅವಳನ್ನು ಆ ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಅಕ್ಕ ಎಂದೇ, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಟೈಪಿಸ್ಟಮ್ಮನೂ ಸೇರಿ. ಅವಳಿಗೆ ಮುಂಚೆ ಇದ್ದ ಅಡುಗೆಯವನನ್ನು ಅನ್ನದಲ್ಲಿ ಜಿರಲೆ ಸಿಕ್ಕಿತೆಂದು ಸಂಜೆಯೊಳಗೆ ಮನೆಗೆ ಕಳಿಸಿದ್ದರು. “ಅದು ಜಿರಲೆ ಅಲ್ಲ, ಸೀದ ಈರುಳ್ಳಿ” ಎನ್ನುತ್ತಲೇ ಅವನು ಗೇಟು ದಾಟಿದ್ದನಂತೆ.

“ನೋಡಿಕೊಂಡೇ ಮಾಡ್ತೀನಿ ಸಾರ್... ಟೋಪಿ ಕೂಡ ಹಾಕ್ಕೊಂಡಿದೀನಿ...” ಎಂದು ಅವಳು ತೊದಲಿದಳು.

“ಟೋಪಿ ನಿನಗೆ ಹಾಕ್ಕೊಂಡಿದೀಯೋ, ನಮಗೆ ಹಾಕ್ತಿದೀಯೋ?” ಎಂದರು ಸಾಹೇಬರು.

ಯಾರಿಗೂ ನಗುವ ಧೈರ್ಯ ಬರಲಿಲ್ಲ. ಆಗ ಮೂಲೆಯ ಮೇಜಿನಿಂದ ಲ್ಯಾಬ್ ಸಾರ್ ಎದ್ದು ನಿಂತರು. ಊರಿನ ನೀರನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಬೆಳಗಿನಿಂದ ಸಂಜೆವರೆಗೆ ಬರೀ ನೀರನ್ನೇ ನೋಡಿ ನೋಡಿ ಅವರಿಗೆ ಬದುಕೇ ಸಪ್ಪೆಯಾಗಿತ್ತು.

“ಯಾರದು ಅಂತ ಊಹೆ ಮಾಡೋದ್ಯಾಕೆ ಸಾರ್? ಇಲ್ಲಿ ಕೊಡಿ. ನಮ್ಮ ಸೂಕ್ಷ್ಮದರ್ಶಕ ಇರೋದೇ ಇದಕ್ಕೆ. ಸಂಜೆಯೊಳಗೆ ಪತ್ತೆ ಹಚ್ತೀನಿ” ಎಂದು ಕೂದಲನ್ನು ಕಾಗದದಲ್ಲಿ ಮಡಚಿ, ಒಡವೆ ಒಯ್ಯುವವರ ಹಾಗೆ ಎದೆಗೆ ಒತ್ತಿಕೊಂಡು ಹೊರಟೇಬಿಟ್ಟರು.

“ಯಾರದು ಅಂತ ಗೊತ್ತಾಗ್ಲಿ, ಆಮೇಲೆ ಮಾತು” ಎಂದ ಸಾಹೇಬರು ಉಳಿದ ಸೂಪನ್ನು ದೂರ ತಳ್ಳಿ ತಮ್ಮ ಕೋಣೆಗೆ ನಡೆದರು.

ಅಡುಗೆಯಕ್ಕನಿಗೆ ಪತ್ತೆ ಬೇಕಾಗಿರಲಿಲ್ಲ. ಅದು ತನ್ನದೇ ಎಂದು ಅವಳ ಎದೆ ಆಗಲೇ ಹೇಳಿಬಿಟ್ಟಿತ್ತು. ಕೆಲವು ತಿಂಗಳ ಹಿಂದೆ ಕೆಟ್ಟ ಜ್ವರವೊಂದು ಬಂದು ಅವಳನ್ನು ಹಿಂಡಿ ಹೋಗಿತ್ತು. ಜ್ವರ ಬಿಟ್ಟು, ಮೈಗೆ ಕಸುವು ಬಂದು, ಬದುಕಿದೆನಪ್ಪಾ ಅಂದುಕೊಳ್ಳುವ ಹೊತ್ತಿಗೆ ಕೂದಲು ಉದುರತೊಡಗಿತ್ತು. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಟವೆಲ್ಲಿನಲ್ಲಿ, ಎಲ್ಲೆಲ್ಲೂ ಕೂದಲು. ಉದ್ದಕ್ಕಿದ್ದರೆ ಹೆಚ್ಚು ಕಾಣುತ್ತದೆಂದು ಕಿವಿಯವರೆಗೆ ಕತ್ತರಿಸಿಕೊಂಡಿದ್ದಳು. ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬಂದ ಕೂಡಲೇ ಅವಳ ಗಂಡ ಬಚ್ಚಲಿಗೆ ನುಗ್ಗಿ, ಜಾಲರಿಯಲ್ಲಿ ಸಿಕ್ಕ ಕೂದಲನ್ನು ಅವಳಿಗೆ ಕಾಣದ ಹಾಗೆ ತೆಗೆದು ಲುಂಗಿಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಹೋಗಿ ಎಸೆಯುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಒಲೆಯ ಕಡೆ ತಿರುಗಿಕೊಂಡಿರುತ್ತಿದ್ದಳು.

ಪಾತ್ರೆ ತೊಳೆಯುವ ಜಾಗದಲ್ಲಿ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗ ಟೈಪಿಸ್ಟಮ್ಮ ಬಂದರು. ಅಕ್ಕ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು.

“ಅಯ್ಯೋ, ಇಷ್ಟೇನಾ? ಮೊದಲೇ ಹೇಳ್ಬಾರ್ದಾ!” ಎಂದು ಟೈಪಿಸ್ಟಮ್ಮ ಸೆರಗು ಸಿಕ್ಕಿಸಿಕೊಂಡರು. “ಈರುಳ್ಳಿ ರಸ ಹಚ್ಚು. ನನ್ನ ನಾದಿನಿಗೆ ಮೊಣಕಾಲುದ್ದ ಬಂತು.”

“ಮೊಣಕಾಲುದ್ದಾನಾ?”

“ಅವಳು ಕುಳ್ಳಿ, ಅದು ಬೇರೆ ಮಾತು. ಬಗ್ಗು, ಹಚ್ತೀನಿ.”

“ಬೇಡ ಬೇಡ, ನಾನೇ ಹಚ್ಕೋತೀನಿ” ಎಂದು ನಾಚಿಕೊಂಡು ಅವಳು ಉಗ್ರಾಣಕ್ಕೆ ಹೋಗಿ, ಬಾಗಿಲು ಮುಂದೆ ಮಾಡಿ, ಬಟ್ಟಲು ತುಂಬ ಈರುಳ್ಳಿ ರಸ ಹಿಂಡಿ ತಲೆಗೆ ಸುರಿದುಕೊಂಡಳು. ಮರುಕ್ಷಣವೇ ಕಣ್ಣು ಮೂಗು ಎರಡೂ ನಲ್ಲಿ ಬಿಟ್ಟ ಹಾಗೆ ಸುರಿಯತೊಡಗಿದವು. ಟೋಪಿ ಒತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಜೀಪಿನ ಡ್ರೈವರಣ್ಣ ಹಾಜರಾಗಿದ್ದ. ಅವನ ತಲೆ ಉಜ್ಜಿಟ್ಟ ಹಿತ್ತಾಳೆ ಚೆಂಬಿನ ಹಾಗೆ ಮಿಂಚುತ್ತಿತ್ತು. ಆದರೂ ಕೂದಲಿನ ವಿಷಯದಲ್ಲಿ ಅವನಷ್ಟು ಖಚಿತವಾಗಿ ಮಾತಾಡುವವರು ಆ ಕಚೇರಿಯಲ್ಲೇ ಇರಲಿಲ್ಲ.

“ಈರುಳ್ಳಿಯಿಂದ ಏನೂ ಆಗಲ್ಲ ಅಕ್ಕಾ. ತಲೆ ಕೆಳಗೆ ಮಾಡಿ ನಿಂತ್ಕೋಬೇಕು. ರಕ್ತ ಬೇರಿಗೆ ಇಳಿಯುತ್ತೆ.”

“ನೀನು ನಿಂತ್ಕೊಂಡಿದ್ಯಾ?” ಎಂದರು ಟೈಪಿಸ್ಟಮ್ಮ.

“ನಿಂತ್ಕೊಂಡೆ. ನೆಲಕ್ಕೆ ಉಜ್ಜಿ ಉಜ್ಜಿ ಇದ್ದದ್ದೂ ಹೋಯ್ತು. ಆದ್ರೆ ನಿಜವಾದ ಕಾರಣ ಹೇಳ್ಲಾ? ಈ ಊರಿನ ನೀರು! ಶುದ್ಧ ಗಡಸು.”

“ಯಾರ್ರೀ ಅದು ನೀರಿನ ಬಗ್ಗೆ ಮಾತಾಡಿದ್ದು?” ಕಾರಿಡಾರಿನಿಂದ ಲ್ಯಾಬ್ ಸಾರ್ ಗುಡುಗಿದರು. ಒಳಗೆ ಬಂದವರ ಮೂಗಿನ ಹೊಳ್ಳೆ ಅಗಲವಾಗಿತ್ತು. “ಗಡಸು ನೀರಿಗೆ ಕೂದಲು ಒರಟಾಗಬಹುದು, ಬುಡಸಮೇತ ಉದುರಲ್ಲ. ನಿಮ್ಮ ತಲೆಗೂ ನಮ್ಮ ಇಲಾಖೆಗೂ ಸಂಬಂಧ ಇಲ್ಲ. ಅದು ನಿಮ್ಮಪ್ಪ ಬಿಟ್ಟುಹೋದ ಆಸ್ತಿ.”

“ಅಪ್ಪಂಗೆ ಅದೊಂದೇ ಇತ್ತು ಬಿಡಿ” ಎಂದ ಡ್ರೈವರಣ್ಣ ಮೆಲ್ಲಗೆ, ತಲೆ ಸವರಿಕೊಳ್ಳುತ್ತ.

ಲ್ಯಾಬ್ ಸಾರ್ ಅವರ ಕಣ್ಣು ಅಡುಗೆಯಕ್ಕನ ಕಡೆ ಹೊರಳಿತು. “ಹಾಗಾದ್ರೆ ಉದುರ್ತಿರೋದು ಅಕ್ಕಂಗಾ? ಒಳ್ಳೇದಾಯ್ತು. ಒಂದು ಕೂದಲು ಕೊಡಿ, ಸೂಪಿನದರ ಪಕ್ಕ ಇಟ್ಟು ನೋಡಿಬಿಡ್ತೀನಿ.”

ಅಕ್ಕ ಎರಡೂ ಕೈಯಲ್ಲಿ ಟೋಪಿ ಹಿಡಿದುಕೊಂಡಳು. “ಆಗಲ್ಲ ಸಾರ್, ಒಲೆ ಮೇಲೆ ಹಾಲಿದೆ” ಎಂದು ಹಾಲಿನ ಕಡೆ ಹೋಗುವ ಬದಲು ಹಿಂಬಾಗಿಲಿನಿಂದ ರಸ್ತೆಗೇ ಓಡಿದಳು.

ರಸ್ತೆಯಾಚೆ ಒಂದು ಸಣ್ಣ ಕ್ಲಿನಿಕ್ಕು. ಅಲ್ಲಿನ ಡಾಕ್ಟರಮ್ಮ ವಾಸನೆ ಹಿಡಿದು, “ಈರುಳ್ಳಿನಾ?” ಎಂದು ಕೇಳಿ, ಕಿಟಕಿ ತೆರೆದು, ಟೋಪಿ ತೆಗೆಸಿದರು. ತಲೆಯನ್ನು ದೀಪದ ಕೆಳಗೆ ಹಿಡಿದು ಎಳೆ ಎಳೆ ಬಿಡಿಸಿ ನೋಡಿದರು. ಅವಳ ತಲೆಯನ್ನು ಯಾರಾದರೂ ಅಷ್ಟು ಮೆತ್ತಗೆ ಮುಟ್ಟಿ ಎಷ್ಟೋ ಕಾಲವಾಗಿತ್ತು.

“ಜೋರು ಜ್ವರ ಬಂದಾಗ ಮೈ ತನ್ನ ಶಕ್ತಿನೆಲ್ಲ ಜೀವ ಉಳಿಸೋಕೆ ಖರ್ಚು ಮಾಡುತ್ತೆ ಕಣಮ್ಮ. ಕೂದಲಿಗೆ ಸ್ವಲ್ಪ ಸುಮ್ಮನಿರು ಅನ್ನುತ್ತೆ. ಎರಡು ಮೂರು ತಿಂಗಳಾದ ಮೇಲೆ ಅದೆಲ್ಲ ಒಟ್ಟಿಗೆ ಉದುರುತ್ತೆ. ಹೆರಿಗೆ ಆದವರಿಗೆ, ದೊಡ್ಡ ದುಃಖ ಕಂಡವರಿಗೆ, ಊಟ ಬಿಟ್ಟವರಿಗೂ ಹೀಗೇ. ಬೇರು ಸತ್ತಿಲ್ಲ.”

“ಅಂದ್ರೆ... ಬರುತ್ತಾ?”

“ತಾನಾಗೇ ಬರುತ್ತೆ. ರಕ್ತದಲ್ಲಿ ಕಬ್ಬಿಣ ಕಮ್ಮಿ ಇದೆಯಾ, ಥೈರಾಯ್ಡ್ ಸರಿ ಇದೆಯಾ ಅಂತ ಒಂದು ಪರೀಕ್ಷೆ ಮಾಡಿಸೋಣ. ಊರಿಗೆಲ್ಲ ಬಡಿಸಿ ನೀನು ಹಾಗೇ ಮಲಗ್ತೀಯಾ? ಹೊಟ್ಟೆ ತುಂಬ ಉಣ್ಣು. ತಾಳ್ಮೆ ಇರಲಿ. ಈರುಳ್ಳೀನ ಅಡುಗೆಗೆ ಹಾಕು.”

ಅಕ್ಕನಿಗೆ ಅಲ್ಲೇ ಕುಳಿತು ಜೋರಾಗಿ ಅತ್ತುಬಿಡಬೇಕೆನಿಸಿತು. ಡಾಕ್ಟರಮ್ಮ ಅದಕ್ಕೂ ಸಮಯ ಕೊಟ್ಟರು. ಅತ್ತು ಹಗುರಾದ ಮೇಲೆ ಅವಳಿಗೆ ಧೈರ್ಯ ಬಂತು. ಲ್ಯಾಬಿನವರು ಬಂದು ಹೇಳುವುದಕ್ಕೆ ಮುಂಚೆ ತಾನೇ ಹೋಗಿ ಸಾಹೇಬರ ಮುಂದೆ ಒಪ್ಪಿಕೊಂಡುಬಿಡಬೇಕು. ಬೈದರೆ ಬೈಯಲಿ. ಕಾಯಿಲೆ ಬಿದ್ದವಳಿಗೆ ಕೂದಲು ಉದುರುವುದು ಅಪರಾಧವಲ್ಲವಲ್ಲ.

ಸಾಹೇಬರ ಟೀ ಕಪ್ಪನ್ನು ಹಿಡಿದು ಅವಳು ಕೋಣೆಯ ಬಾಗಿಲು ತಟ್ಟಿದಳು. ಹಳೆಯ ಫ್ಯಾನಿನ ಗಲಾಟೆಗೆ ಒಳಗೆ ಕೇಳಿಸಲಿಲ್ಲ. ತಳ್ಳಿಕೊಂಡು ಒಳಗೆ ಹೋದಳು.

ಸಾಹೇಬರು ಒದ್ದೆ ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದರು. ಸಿಪ್ಪೆ ಸುಲಿದ ಮೊಟ್ಟೆಯಂಥ ತಲೆ. ಅವರ ಕೂದಲೆಲ್ಲ ಒಟ್ಟಾಗಿ ಎದುರಿನ ಫೈಲುಗಳ ರಾಶಿಯ ಮೇಲೆ ಬೆಕ್ಕು ಮಲಗಿದ ಹಾಗೆ ಮುದುರಿಕೊಂಡಿತ್ತು.

ಬೈಗುಳ ಬರುತ್ತದೆಂದು ಅಕ್ಕ ಕಣ್ಣು ಮುಚ್ಚಿದಳು. ಬಂದದ್ದು ಕ್ಯಾಂಟೀನಿನಲ್ಲಿ ಯಾರೂ ಕೇಳಿರದ ಒಂದು ಸಣ್ಣ ದನಿ.

“ಬಾಗಿಲು ಹಾಕಮ್ಮ.”

ಹಾಕಿದಳು. ಸಾಹೇಬರು ಟವೆಲ್ಲನ್ನು ತಲೆಯ ಮೇಲೇ ಬಿಟ್ಟುಕೊಂಡು ಕುಳಿತರು. “ಸೆಕೆ ತಡೆಯೋಕಾಗಲ್ಲ. ಮಧ್ಯಾಹ್ನ ಒಂದ್ಸಲ ತೆಗೀತೀನಿ.”

“ಜ್ವರ ಬಂದಿತ್ತಾ ಸಾರ್?” ಎಂದು ಕೇಳಿದಳು ಅಕ್ಕ. ಬೇರೆ ಮಾತು ತೋಚಲಿಲ್ಲ.

“ಇಲ್ಲ. ಕಾಲೇಜಿನಲ್ಲಿದ್ದಾಗ ನಾಣ್ಯದಷ್ಟು ಜಾಗದಲ್ಲಿ ಹೋಯ್ತು. ಆಮೇಲೆ ಇನ್ನೊಂದು ನಾಣ್ಯ. ಇಂಜೆಕ್ಷನ್ ಕೊಟ್ಟರು, ಮುಲಾಮು ಹಚ್ಚಿದರು. ಹಚ್ಚಿದ ಕಡೆ ಬರೋದು, ಪಕ್ಕದಲ್ಲಿ ಹೋಗೋದು. ಮೈಯೊಳಗಿನ ಕಾವಲುಗಾರರೇ ಕೂದಲನ್ನ ಕಳ್ಳ ಅಂದ್ಕೊಂಡು ಹೊಡೀತಾರಂತೆ. ಎಷ್ಟೋ ಜನಕ್ಕೆ ವಾಪಸ್ ಬರುತ್ತೆ. ನನಗೆ ಬರಲಿಲ್ಲ.” ಸಾಹೇಬರು ಬೆಕ್ಕಿನಂಥದನ್ನು ಕೈಗೆತ್ತಿಕೊಂಡರು. ಹಣೆಯ ಕಡೆಯ ಅಂಚಿನಲ್ಲಿ ಹೊಲಿಗೆ ಬಿಚ್ಚಿ ಕೆಲವು ಎಳೆ ಜೋಲಾಡುತ್ತಿದ್ದವು. ಬೆರಳುದ್ದ, ಕರ್ರಗೆ.

ಇಬ್ಬರೂ ಅದನ್ನೇ ನೋಡಿದರು. ಫ್ಯಾನು ಗೊಣಗುತ್ತಿತ್ತು.

“ಸೂಪಿಗೆ ಬಗ್ಗಿದಾಗ...” ಎಂದರು ಸಾಹೇಬರು. ಮುಖ ಕುಂಬಳಕಾಯಿಯ ಬಣ್ಣಕ್ಕೆ ತಿರುಗಿತು. “ಅಷ್ಟು ಜನರ ಮುಂದೆ ನಿನ್ನನ್ನ ಅಂದುಬಿಟ್ಟೆನಲ್ಲಮ್ಮ. ಬಾ, ನಿಜ ಹೇಳಿಬಿಡ್ತೀನಿ.”

ಎದ್ದರು. ಅವಸರದಲ್ಲಿ ತಲೆಗಿಟ್ಟುಕೊಂಡ ವಿಗ್ಗು ಓರೆಯಾಗಿ ಕೂತಿತು. ಬಾಗಿಲವರೆಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು, ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ ನಿಂತುಬಿಟ್ಟರು. ಕಾರಿಡಾರಿನಲ್ಲಿ ಟೈಪಿಸ್ಟಮ್ಮನ ದನಿ, ಡ್ರೈವರಣ್ಣನ ದನಿ. ತೀರ್ಪು ಕೇಳಲು ಎಲ್ಲರೂ ನೆರೆದಿದ್ದರು.

“ಸಾರ್, ಸ್ವಲ್ಪ ಎಡಕ್ಕೆ” ಎಂದಳು ಅಡುಗೆಯಕ್ಕ. ಅವರು ಸರಿಮಾಡಿಕೊಂಡರು. “ಹಾಂ, ಈಗ ಸರಿ. ನೀವು ಸುಮ್ನಿರಿ. ನಂದು ಹೇಗಿದ್ರೂ ಉದುರೋ ಕೂದಲು. ಇದೊಂದು ಎಳೆ ಜಾಸ್ತಿ ಆದ್ರೆ ಏನು ಹೋಗುತ್ತೆ?”

ಅವಳೇ ಬಾಗಿಲು ತೆಗೆದು ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಸೂಪಿನಲ್ಲಿ ಬಿದ್ದಿದ್ದು ನಂದೇ. ಸಾಹೇಬ್ರ ಹತ್ರ ತಪ್ಪಾಯ್ತು ಅಂದೆ.”

“ಆಗಿದ್ದಾಯ್ತು. ಒಪ್ಕೊಂಡಿದಾಳೆ. ಇನ್ನು ಯಾರೂ ಈ ಮಾತೆತ್ತಬಾರದು” ಎಂದರು ಸಾಹೇಬರು ಹಿಂದಿನಿಂದ. ಅಕ್ಕನಿಗೆ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಕೆಲಸ ಉಳಿಯಿತು. ಕೂದಲೂ ಬರುತ್ತದೆ. ದಿನ ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಲ್ಯಾಬ್ ಸಾರ್ ಮೆಟ್ಟಿಲನ್ನು ಎರಡೆರಡು ಹಾರುತ್ತ ಬಂದರು. ಮುಖದಲ್ಲಿ ಸಮುದ್ರ ಕಂಡುಹಿಡಿದ ಹಿಗ್ಗು.

“ಪತ್ತೆ ಆಯ್ತು! ಅದು ಕೂದಲೇ ಅಲ್ಲ! ಮನುಷ್ಯರದ್ದೂ ಅಲ್ಲ, ಪ್ರಾಣಿಯದ್ದೂ ಅಲ್ಲ. ಬೆಂಕಿಗೆ ಹಿಡಿದ್ರೆ ಕರಗಿ ಗುಂಡಗಾಯ್ತು. ನೈಲಾನ್! ವಿಗ್ಗಿನ ಎಳೆ!”

ಸಾಹೇಬರ ಕೈ ತಲೆಯ ಕಡೆ ಅರ್ಧ ಏರಿ, ಇಲ್ಲದ ನೊಣವೊಂದನ್ನು ಓಡಿಸಿ ಕೆಳಗಿಳಿಯಿತು. ಆದರೆ ಅವರನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅಡುಗೆಯಕ್ಕನ ಟೋಪಿಯ ಮೇಲಿತ್ತು.

“ಅದಕ್ಕೇ ಮಧ್ಯಾಹ್ನ ಒಂದು ಕೂದಲು ಕೊಡಿ ಅಂದ್ರೆ ಓಡಿಹೋಗಿದ್ದು!” ಎಂದರು ಲ್ಯಾಬ್ ಸಾರ್.

“ಅದಕ್ಕೇ ನನ್ನ ಕೈಯಲ್ಲಿ ರಸ ಹಚ್ಚಿಸಿಕೊಳ್ಳಲಿಲ್ಲ!” ಟೈಪಿಸ್ಟಮ್ಮನ ಕಣ್ಣಲ್ಲಿ ನೀರು ಬಂತು. “ಅಷ್ಟೂ ಹೋಯ್ತೇನೇ ತಾಯೀ? ಒಂದು ಮಾತು ಹೇಳ್ಬಾರ್ದಾ? ಆದ್ರೆ ನಿಜ ಹೇಳ್ತೀನಿ, ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ, ನಿನ್ನದೇ ಅಂದ್ಕೊಂಡಿದ್ದೆ.”

“ನಂದೇ...” ಎಂದು ಬಾಯಿ ತೆರೆದ ಅಡುಗೆಯಕ್ಕ ಸಾಹೇಬರ ಮುಖ ನೋಡಿದಳು. ಅವರ ಎರಡು ಕಣ್ಣೂ ಅವಳನ್ನು ಬೇಡಿಕೊಳ್ಳುತ್ತಿದ್ದವು. “...ನಂದೇ ತಪ್ಪು. ಹೇಳ್ಬೇಕಿತ್ತು” ಎಂದಳು.

ಆಮೇಲೆ ಕಚೇರಿ ತೋರಿಸಿದ ಪ್ರೀತಿ ಅಷ್ಟಿಷ್ಟಲ್ಲ. ಟೈಪಿಸ್ಟಮ್ಮ ಅವಳನ್ನು ತಬ್ಬಿಕೊಂಡರು. ಲ್ಯಾಬ್ ಸಾರ್ ಕ್ಷಮೆ ಕೇಳಿದರು. ಏನಾದರೂ ಹೇಳಲೇಬೇಕಾಗಿದ್ದ ಸಾಹೇಬರು ಕೆಮ್ಮಿ, “ನೈಲಾನ್ ಬೆಂಕಿಗೆ ಬೇಗ ಕರಗುತ್ತಮ್ಮ. ನಾಳೆಯಿಂದ ಒಲೆ ಹತ್ರ ಹೋಗುವಾಗ ಟೋಪಿ ಮೇಲೆ ಇನ್ನೊಂದು ದಪ್ಪ ಬಟ್ಟೆ ಕಟ್ಕೋ” ಎಂದು ಆಜ್ಞೆ ಮಾಡಿದರು. ಆಜ್ಞೆ ಮಾಡುವಾಗ ನೆಲ ನೋಡುತ್ತಿದ್ದರು.

ಸಂಜೆ ಗೇಟಿನ ಹತ್ತಿರ ಸಾಹೇಬರ ಜೀಪು ನಿಂತಿತ್ತು. ಅಡುಗೆಯಕ್ಕ ಚೀಲ ಹಿಡಿದು ಹೊರಬರುತ್ತಿದ್ದ ಹಾಗೆ ಡ್ರೈವರಣ್ಣ ಇಳಿದು, ಆ ಕಡೆ ಈ ಕಡೆ ನೋಡಿ, ಬಳಿ ಬಂದ. ದಿನವಿಡೀ ಎಲ್ಲರಿಗೂ ಮದ್ದು ಹೇಳಿದ ಬಾಯಿ ಈಗ ತಡವರಿಸುತ್ತಿತ್ತು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಂಗೂ ಒಂದು ಬೇಕಿತ್ತು. ಮಗಳ ಶಾಲೆಗೆ ಹೋದ್ರೆ ಅವಳ ಗೆಳತಿಯರು ತಾತ ಬಂದ್ರು ಅಂತಾರೆ. ಅವಳು ಏನೂ ಅನ್ನಲ್ಲ, ನಂಗೇ ಒಂಥರಾ. ನಿಮ್ಮದು ಎಷ್ಟು ಸಹಜವಾಗಿದೆ! ಎಲ್ಲಿ ಮಾಡಿಸಿದ್ರಿ?”

ಅವನ ಮುಖ ನೋಡಿ ಅವಳಿಗೆ ಇಲ್ಲ ಅನ್ನಲಾಗಲಿಲ್ಲ.

“ಕೇಳಿ ಹೇಳ್ತೀನಿ ಅಣ್ಣ.”

“ಯಾರನ್ನ ಕೇಳ್ತೀರಿ? ನಿಮ್ಮದೇ ಅಲ್ವಾ?”

ಅಡುಗೆಯಕ್ಕ ಜೀಪಿನ ಕಡೆ ತಿರುಗಿದಳು. ಹಿಂದಿನ ಸೀಟಿನಲ್ಲಿ ಕೂತಿದ್ದ ಸಾಹೇಬರು ಆ ಸೆಕೆಯಲ್ಲೂ ಕಿಟಕಿಯ ಗಾಜನ್ನು ಪೂರ್ತಿ ಮೇಲಕ್ಕೇರಿಸಿಕೊಂಡರು.